ಓಮ್ನಿ ತಲೆಗೆ ಕ್ಯಾರಿಯರ್: ಗಟರ್ ನೋಡಿ, ಆಮೇಲೆ ಬಾರ್ ಕೊಳ್ಳಿ

ಮಾರುತಿ ಓಮ್ನಿ ತಯಾರಿ 2019ರಲ್ಲೇ ನಿಂತಿತು. ಆದರೂ ನಮ್ಮ ಊರುಗಳಲ್ಲಿ ಅದರ ಕೆಲಸ ನಿಂತಿಲ್ಲ. ಪ್ಲಂಬರು, ಎಲೆಕ್ಟ್ರಿಷಿಯನ್ನು, ಪೇಂಟರು, ಶಾಮಿಯಾನದವರು, ಅಡುಗೆ ಕಂಟ್ರಾಕ್ಟಿನವರು ಎಲ್ಲರೂ ಇನ್ನೂ ಅದರಲ್ಲೇ ಓಡಾಡುತ್ತಾರೆ. ಒಳಗೆ ಸಾಮಾನು ಹಿಡಿಸುತ್ತದೆ, ಆದರೆ ಏಣಿ ಹಿಡಿಸುವುದಿಲ್ಲ. ಪೈಪು ಹಿಡಿಸುವುದಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತದೆ.

ಕ್ಯಾರಿಯರ್ ಹಾಕಿಸುವುದು ಕಷ್ಟದ ಕೆಲಸ ಏನಲ್ಲ. ಎರಡು ಸ್ಪ್ಯಾನರ್, ಒಂದು ಟೇಪು, ಜೊತೆಗೆ ಒಬ್ಬ ಮನುಷ್ಯ ಇದ್ದರೆ ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ಅಂಗಡಿಗೆ ಹೋದ ತಕ್ಷಣ, ಚಾವಣಿಗೆ ಅಡ್ಡಲಾಗಿ ಕೂರುವ ಬಾರ್ ಬಗ್ಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಬಾರ್ ಎಷ್ಟು ತೂಕ ತಡೆಯುತ್ತೆ?" ಆ ಪ್ರಶ್ನೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಕಬ್ಬಿಣದ ಬಾರ್ ಮೇಲೆ ಇಬ್ಬರು ನಿಂತರೂ ಅದು ಬಗ್ಗಲಿಕ್ಕಿಲ್ಲ. ಆ ತೂಕ ಬಾರಿನಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ಓಮ್ನಿಯಲ್ಲಿ ಅದು ಹೋಗುವುದು ಚಾವಣಿ ಅಂಚಿನ ತೆಳು ತಗಡಿಗೆ, ಅಲ್ಲಿಂದ ಬಾಗಿಲ ಪಕ್ಕದ ಪಿಲ್ಲರ್‌ಗೆ. ತಗಡು ಗಟ್ಟಿ ಇದ್ದು, ಬಾರನ್ನು ಹೊರುವ ಕಾಲುಗಳು ಪಿಲ್ಲರ್ ಹತ್ತಿರ ಕೂತಿದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಎಷ್ಟು ದುಬಾರಿ ಬಾರ್ ತಂದರೂ ಅಷ್ಟೇ.

ಮೊದಲು ಚಾವಣಿ ನೋಡಿ

ಓಮ್ನಿಯ ಬಾಗಿಲ ಮೇಲೆ, ಚಾವಣಿಯ ಅಂಚಿನುದ್ದಕ್ಕೂ, ಮಳೆನೀರು ಹರಿಯಲು ಒಂದು ತಗಡಿನ ಪಟ್ಟಿ ಇದೆ. ಅದೇ ಗಟರ್. ಬೆರಳಿಟ್ಟರೆ ಸಣ್ಣ ಕಾಲುವೆಯ ಹಾಗೆ ಸಿಗುತ್ತದೆ. ಹಳೆಯ ಜೀಪು, ಅಂಬಾಸಿಡರ್, ಪದ್ಮಿನಿಗಳಲ್ಲೂ ಇದು ಇತ್ತು. ಆ ಕಾಲದ ಟ್ಯಾಕ್ಸಿಗಳ ಕ್ಯಾರಿಯರ್ ಎಲ್ಲ ಇದನ್ನೇ ಹಿಡಿದು ನಿಲ್ಲುತ್ತಿದ್ದವು. ನಿಮ್ಮ ವ್ಯಾನ್ ಬೇರೆ ಕಂಪನಿಯದಾದರೂ ಇಂಥ ಗಟರ್ ಇದ್ದರೆ ಈ ಲೇಖನ ಹಾಗೆಯೇ ಹೊಂದುತ್ತದೆ. ಗಟರ್ ಇಲ್ಲದ ಗಾಡಿಗಳ ಮಾತು ಕೆಳಗೆ ಬರುತ್ತದೆ.

ಗಟರ್ ಇದ್ದರೆ ಸಾಲದು, ಅದರಲ್ಲಿ ಜೀವ ಇರಬೇಕು. ಇಲ್ಲಿ ಆತುರ ಬೇಡ. ಗಾಡಿ ತೊಳೆದು ಒಣಗಿಸಿ. ಗಟರ್ ಒಳಗಿನ ಮಣ್ಣು, ಎಲೆ, ಹಳೇ ಗ್ರೀಸ್ ಎಲ್ಲ ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಗಟರ್ ತಳದಲ್ಲಿ, ತಗಡಿನ ಎರಡು ಪದರ ಸೇರುವ ಕಡೆ, ಉದ್ದಕ್ಕೆ ಸೀಲೆಂಟ್ ಹಾಕಿರುತ್ತಾರೆ. ಅದು ಒಣಗಿ ಬಿರುಕು ಬಿಟ್ಟಲ್ಲೆಲ್ಲ ನೀರು ಒಳಗೆ ಇಳಿಯುತ್ತದೆ. ತುಕ್ಕು ಶುರುವಾಗುವುದು ಅಲ್ಲೇ, ಅದೂ ಒಳಗಿನಿಂದ. ಹೊರಗೆ ಕಾಣುವಷ್ಟರಲ್ಲಿ ತಗಡು ಹಪ್ಪಳವಾಗಿರುತ್ತದೆ. ಮುಂದಿನ ಗಾಜಿನ ಎರಡು ಮೂಲೆ, ಜಾರುಬಾಗಿಲ ಮೇಲ್ಭಾಗ, ಹಿಂದಿನ ಡಿಕ್ಕಿ ಮೂಲೆ, ಈ ಮೂರು ಕಡೆ ಜಾಸ್ತಿ ಗಮನ ಕೊಡಿ. ಪೇಂಟ್ ಗುಳ್ಳೆ ಎದ್ದಿದೆಯಾ ನೋಡಿ. ಸ್ಕ್ರೂ ಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಒಳ್ಳೇ ತಗಡು ಠಣ್ ಅನ್ನುತ್ತದೆ, ಸತ್ತ ತಗಡು ಮಂದವಾಗಿ ಸದ್ದು ಮಾಡುತ್ತದೆ. ಅನುಮಾನ ಬಂದ ಕಡೆ ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿ. ಒಳಗೆ ಇಳಿದರೆ ಕ್ಯಾರಿಯರ್ ಕನಸು ಸದ್ಯಕ್ಕೆ ಬಿಡಿ. ಮೊದಲು ಟಿಂಕರಿಂಗ್‌ನವರ ಹತ್ತಿರ ಹೋಗಿ ಆ ತುಂಡು ಕತ್ತರಿಸಿ ಹೊಸ ತಗಡು ಬೆಸೆಸಿ. ಬರೀ ಪುಟ್ಟಿ ಮೆತ್ತಿ ಪೇಂಟ್ ಹೊಡೆಸಿದರೆ ನೋಡಲು ಚೆನ್ನ, ಹಿಡಿಯಲು ಏನೂ ಇಲ್ಲ.

ಏನು ಹೊರಬೇಕು ಅಂತ ತೀರ್ಮಾನಿಸಿ

ಏಣಿ, ಪೈಪು, ಬಿದಿರು, ಕರ್ಟನ್ ರಾಡ್ ಇಂಥವಕ್ಕೆ ಅಡ್ಡಡ್ಡ ಎರಡು ಬಾರ್ ಸಾಕು. ಸೂಟ್‌ಕೇಸು, ಪಾತ್ರೆ, ಮೂಟೆಗಳಿಗೆ ಮಾತ್ರ ಪೂರ್ತಿ ಕ್ಯಾರಿಯರ್ ಬೇಕು, ಅಂದರೆ ಸುತ್ತ ರೈಲ್, ಕೆಳಗೆ ಸಾಲಾಗಿ ಪಟ್ಟಿ ಇರುವಂಥದ್ದು. ಸುಮ್ನೆ ನೋಡಲು ಗತ್ತಾಗಿದೆ ಅಂತ ಪೂರ್ತಿ ಕ್ಯಾರಿಯರ್ ಹಾಕಿಸಬೇಡಿ. ಅದರ ತೂಕವನ್ನು ದಿನಾ ಖಾಲಿ ಹೊರಬೇಕಾಗುತ್ತದೆ.

ಲೆಕ್ಕ ನೋಡಿ. ಒಂದು ಇಂಚಿನ ಚೌಕ ಎಂಎಸ್ (ಮೈಲ್ಡ್ ಸ್ಟೀಲ್) ಪೈಪು, 16 ಗೇಜ್, ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪದ ತಗಡಿನದು, ಮೀಟರಿಗೆ ಸುಮಾರು 1.2 ಕೆಜಿ ತೂಗುತ್ತದೆ. ಪೂರ್ತಿ ಕ್ಯಾರಿಯರ್‌ಗೆ 15 ಮೀಟರ್ ಪೈಪು ಹಿಡಿದರೆ 18 ಕೆಜಿ ಅಲ್ಲೇ ಆಯಿತು. ಕಾಲು, ಬೋಲ್ಟು ಸೇರಿದರೆ 20 ದಾಟುತ್ತದೆ. ಚಾವಣಿಗೆ ಎಷ್ಟು ತೂಕ ಅಂತ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದರೆ ಅದೇ ಕೊನೆಯ ಮಾತು. ಕ್ಯಾರಿಯರ್ ಕಂಪನಿ ಕೊಟ್ಟ ಅಂಕಿ ಅದಕ್ಕಿಂತ ಕಡಿಮೆ ಇದ್ದರೆ ಆ ಕಡಿಮೆಯದನ್ನೇ ಹಿಡಿಯಬೇಕು. ಎರಡೂ ಕೈಗೆ ಸಿಗದಿದ್ದರೆ, ಹಳೇ ಓಮ್ನಿಗೆ ನಾನು ಒಪ್ಪುವ ಮಿತಿ ಕ್ಯಾರಿಯರ್ ಸೇರಿಸಿ 50 ಕೆಜಿ. ಅಂದರೆ ಕಬ್ಬಿಣದ ಪೂರ್ತಿ ಕ್ಯಾರಿಯರ್ ಹಾಕಿಸಿದವರಿಗೆ ಉಳಿಯುವುದು 30ಕ್ಕಿಂತ ಕಡಿಮೆ. ಬರೀ ಎರಡು ಅಲ್ಯೂಮಿನಿಯಂ ಬಾರ್ ಹಾಕಿದವರಿಗೆ 40ರ ಮೇಲೆ ಉಳಿಯುತ್ತದೆ. ಅಲ್ಯೂಮಿನಿಯಂ ತೂಕ ಕಬ್ಬಿಣದ ಮೂರನೇ ಒಂದು ಭಾಗದಷ್ಟೇ ಅಲ್ವಾ.

ಇಷ್ಟು ಕಡಿಮೆಯಾ ಅಂತ ಅನ್ನಿಸಬಹುದು. ಓಮ್ನಿಯ ಎತ್ತರ 1640 ಮಿಲಿಮೀಟರ್, ಅಗಲ 1410. ಗಾಡಿಯೇ ಎತ್ತರ, ಸಣಕಲು. ಮೇಲೆ ತೂಕ ಇಟ್ಟಷ್ಟೂ ತಿರುವಿನಲ್ಲಿ ವಾಲುವುದು ಜಾಸ್ತಿ. ಚಾರ್ಮಾಡಿ ಘಾಟಿಯಲ್ಲಿ ಒಮ್ಮೆ ಇಳಿದರೆ ಗೊತ್ತಾಗುತ್ತದೆ. ಪೇಂಟ್ ಬಕೆಟ್, ಸಿಮೆಂಟ್ ಮೂಟೆ, ಟೂಲ್ ಬಾಕ್ಸ್ ಇವೆಲ್ಲ ಯಾವತ್ತೂ ಒಳಗೆ, ನೆಲದ ಮೇಲೆ. ಮೇಲೆ ಹೋಗಬೇಕಾದದ್ದು ಉದ್ದ ಇದ್ದು ಹಗುರ ಇರುವ ಸಾಮಾನು ಮಾತ್ರ.

ರೆಡಿಮೇಡೋ, ಮಾಡಿಸಿದ್ದೋ

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಬೇರೆ ಊರುಗಳಲ್ಲೂ ಕಾರ್ ಆಕ್ಸೆಸರಿ ಅಂಗಡಿಯವರು ತರಿಸಿಕೊಡುತ್ತಾರೆ. ರೆಡಿಮೇಡ್ ಕೊಳ್ಳುವುದಾದರೆ ನೋಡಬೇಕಾದದ್ದು ಕಾಲಿನ ಹಿಡಿ. ಗಟರ್‌ನ ಒಳಗೆ ಕೂರುವ ಪಾದ ಅಗಲವಾಗಿರಬೇಕು, ಕನಿಷ್ಠ ನಾಲ್ಕು ಬೆರಳು. ಕೆಳಗಿನಿಂದ ಗಟರ್ ತುಟಿಯನ್ನು ಕಚ್ಚುವ ಕೊಕ್ಕೆಯೂ ಅಷ್ಟೇ ಅಗಲ ಇರಬೇಕು. ಒಂದು ಬೆರಳಗಲದ ಕೊಕ್ಕೆ ಇದ್ದರೆ ಬಿಗಿ ಮಾಡಿದಾಗ ತಗಡು ಅಲ್ಲೇ ಮಡಚಿಕೊಳ್ಳುತ್ತದೆ.

ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದೂ ತಪ್ಪಲ್ಲ. ಅಳತೆಗೆ ಸರಿಯಾಗಿ ಸಿಗುತ್ತದೆ. ಆದರೆ ಅವರಿಗೆ ಕೆಲವು ಮಾತು ಮೊದಲೇ ಹೇಳಿಬಿಡಿ. ದಪ್ಪ ಪೈಪು ಬೇಡ, 16 ಗೇಜ್ ಸಾಕು. ಪೈಪಿನ ಬಾಯಿಗಳನ್ನೆಲ್ಲ ಮುಚ್ಚಬೇಕು. ತೆರೆದ ಬಾಯಿಯಲ್ಲಿ ನೀರು ನಿಲ್ಲುತ್ತದೆ, ಗಾಳಿ ನುಗ್ಗಿ ಸಿಳ್ಳೆ ಹೊಡೆಯುತ್ತದೆ. ಪೇಂಟ್‌ಗೆ ಮುಂಚೆ ಪ್ರೈಮರ್ ಹೊಡೆಯಲೇಬೇಕು. ಎಲ್ಲಕ್ಕಿಂತ ಮುಖ್ಯ, ಕ್ಯಾರಿಯರನ್ನು ಗಾಡಿಗೆ ಬೆಸೆಯಬಾರದು. "ಎರಡು ಕಡೆ ಟ್ಯಾಕ್ ಹೊಡೆದುಬಿಡ್ತೀನಿ ಸಾರ್, ಅಲ್ಲಾಡಲ್ಲ" ಅಂತ ಪ್ರೀತಿಯಿಂದಲೇ ಹೇಳುತ್ತಾರೆ. ಬೇಡ ಅನ್ನಿ. ಆ ಬಿಸಿಗೆ ಗಟರ್‌ನ ಪೇಂಟ್, ಸೀಲೆಂಟ್ ಎರಡೂ ಸುಟ್ಟು ಹೋಗುತ್ತವೆ. ಒಳಗಿನ ರೂಫ್ ಲೈನಿಂಗ್‌ಗೆ ಕಿಡಿ ತಗುಲಿದರೆ ಇನ್ನೂ ಕಷ್ಟ.

ನಾಲ್ಕು ಕಾಲೋ ಆರು ಕಾಲೋ? ಎರಡು ಬಾರ್‌ಗೆ ನಾಲ್ಕು. ಪೂರ್ತಿ ಕ್ಯಾರಿಯರ್‌ಗೆ ಆರು ಹಾಕಿಸಿ. ತೂಕ ಆರು ಕಡೆ ಹಂಚಿಹೋಗುತ್ತದೆ. ಪೂರ್ತಿ ಕ್ಯಾರಿಯರ್‌ನಲ್ಲಿ ಉದ್ದದ ರೈಲ್‌ಗಳನ್ನು ಕಾಲುಗಳ ನೇರಕ್ಕೆ ಮೇಲೆ ಇಟ್ಟು, ಅಡ್ಡ ಬಾರ್‌ಗಳನ್ನು ರೈಲ್ ಮೇಲೆ ಬೋಲ್ಟ್ ಮಾಡಿಸಿ. ಬಾರ್ ಹಿಂದೆ ಮುಂದೆ ಸರಿಸಬೇಕಾದರೆ ಆಗ ಸುಲಭ.

ಕೂರಿಸುವ ಕ್ರಮ

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ, ನೆರಳಲ್ಲಿ ನಿಲ್ಲಿಸಿ. ಚಾವಣಿ ಮೇಲೆ ಹಳೇ ಕಂಬಳಿ ಹಾಸಿ. ಸ್ಪ್ಯಾನರ್ ಬೀಳುವುದಂತೂ ಗ್ಯಾರಂಟಿ.

1. ಪಿಲ್ಲರ್‌ಗಳನ್ನು ಗುರುತಿಸಿ. ಮುಂದಿನ ಬಾಗಿಲ ಹಿಂದೆ ಒಂದು, ಜಾರುಬಾಗಿಲ ಹಿಂದೆ ಒಂದು. ಎರಡು ಬಾರ್ ಹಾಕುವವರು ಕಾಲುಗಳನ್ನು ಆದಷ್ಟು ಇವುಗಳ ನೇರಕ್ಕೆ ತನ್ನಿ. ಬಾಗಿಲಿನ ನಟ್ಟನಡುವೆ ಕೂರಿಸಿದರೆ ಕೆಳಗೆ ಆಧಾರ ಇರುವುದಿಲ್ಲ. ಬಾರ್‌ಗಳ ನಡುವೆ ಎರಡೂವರೆ ಅಡಿಗಿಂತ ಕಡಿಮೆ ಬಿಡಬೇಡಿ. ಹತ್ತಿರ ಹತ್ತಿರ ಇದ್ದರೆ ಉದ್ದ ಸಾಮಾನು ತೂಗಾಡುತ್ತದೆ.

2. ಅಳತೆ ಹಾಕಿ. ಮುಂದಿನ ಗಾಜಿನ ಮೇಲಿನ ಅಂಚಿನಿಂದ ಟೇಪು ಹಿಡಿದು ಎರಡೂ ಕಡೆ ಒಂದೇ ದೂರಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಹಾಕಿ. ಕಣ್ಣಂದಾಜು ಬೇಡ. ನಾಲ್ಕೂ ಗುರುತು ಆದಮೇಲೆ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡು ಸಲ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ಬಾರ್‌ಗಳು ನೇರ. ಬರದಿದ್ದರೆ ಎಲ್ಲೋ ಓರೆ ಆಗಿದೆ, ಗುರುತು ಸರಿಸಿ.

3. ರಬ್ಬರ್ ಇಡಿ. ಪಾದಕ್ಕೂ ಗಟರ್‌ಗೂ ನಡುವೆ, ಕೊಕ್ಕೆಗೂ ಗಟರ್‌ಗೂ ನಡುವೆ ರಬ್ಬರ್ ಬೇಕೇ ಬೇಕು. ಕ್ಯಾರಿಯರ್ ಜೊತೆ ಕೊಡದಿದ್ದರೆ ಹಳೇ ಬೈಕ್ ಟ್ಯೂಬ್ ಕತ್ತರಿಸಿ ಹಾಕಬಹುದು. ಒಂದೇ ಪದರ ಸಾಕು. ಮೆತ್ತಗಿರಲಿ ಅಂತ ಮೂರು ಮಡಿಕೆ ಹಾಕಿದರೆ ದಿನ ಕಳೆದಂತೆ ಅದು ಚಪ್ಪಟೆಯಾಗಿ ಬೋಲ್ಟ್ ಸಡಿಲವಾಗುತ್ತದೆ.

4. ಕೈಯಲ್ಲೇ ಬಿಗಿ ಮಾಡಿ. ನಾಲ್ಕೂ ಕಾಲು ಕೂರಿಸಿ, ನಟ್‌ಗಳನ್ನು ಬೆರಳಲ್ಲಿ ತಿರುಗುವಷ್ಟು ಮಾತ್ರ ತಿರುಗಿಸಿ. ಸ್ಪ್ಯಾನರ್ ಇನ್ನೂ ಮುಟ್ಟಬೇಡಿ. ಈಗ ಎರಡೂ ಬಾಗಿಲು, ಜಾರುಬಾಗಿಲು, ಡಿಕ್ಕಿ ಎಲ್ಲ ಪೂರ್ತಿ ತೆಗೆದು ಹಾಕಿ ನೋಡಿ. ಕೊಕ್ಕೆ ಬಾಗಿಲ ಮೇಲಂಚಿಗೆ ತಾಗಬಾರದು. ಡಿಕ್ಕಿ ಮೇಲಕ್ಕೆ ಎದ್ದಾಗ ಕ್ಯಾರಿಯರ್‌ನ ಹಿಂಬದಿಗೆ ಹೊಡೆಯುವುದು ಬಹಳ ಸಾಮಾನ್ಯ. ಹೊಡೆದರೆ ಕ್ಯಾರಿಯರನ್ನು ಅಷ್ಟು ಮುಂದಕ್ಕೆ ತನ್ನಿ. ಮಾಡಿಸುವವರು ಆರ್ಡರ್ ಕೊಡುವ ಮುಂಚೆಯೇ ಡಿಕ್ಕಿ ತೆಗೆದಿಟ್ಟು ಅಳತೆ ತೆಗೆದುಕೊಂಡರೆ ಈ ರಗಳೆಯೇ ಇಲ್ಲ.

5. ಈಗ ಸ್ಪ್ಯಾನರ್. ಒಂದು ಕಡೆ ಪೂರ್ತಿ ಬಿಗಿ ಮಾಡಿ ಇನ್ನೊಂದು ಕಡೆಗೆ ಹೋಗಬೇಡಿ. ಹಾಗೆ ಮಾಡಿದರೆ ಬಾರ್ ಒಂದೇ ಬದಿಗೆ ಎಳೆದುಕೊಂಡು ಆಚೆಯ ಪಾದ ಸರಿಯಾಗಿ ಕೂರುವುದಿಲ್ಲ. ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು, ಹೀಗೆ ಸರದಿಯಲ್ಲಿ ಬಿಗಿ ಮಾಡಿ. ಕಂಪನಿಯ ಚೀಟಿಯಲ್ಲಿ ಟಾರ್ಕ್, ಅಂದರೆ ಎಷ್ಟು ಬಿಗಿ ಮಾಡಬೇಕು ಅನ್ನುವ ಅಳತೆ, ಕೊಟ್ಟಿದ್ದರೆ ಟಾರ್ಕ್ ರೆಂಚ್ ಬಳಸಿ. ಇಲ್ಲದಿದ್ದರೆ ಚಿಕ್ಕ ಸ್ಪ್ಯಾನರನ್ನು ಒಂದು ಕೈಯಲ್ಲಿ ಹಿಡಿದು, ಮೈಭಾರ ಹಾಕದೆ, ಕೈಬಲದಿಂದ ನಿಲ್ಲುವವರೆಗೆ ಸಾಕು. ಉದ್ದ ಪೈಪು ಸಿಕ್ಕಿಸಿ ಎಳೆಯುವುದು ಲಾರಿ ಚಕ್ರಕ್ಕೆ ಸರಿ, ಗಟರ್‌ಗಲ್ಲ. ಬಿಗಿ ಮಾಡುವಾಗ ಗಟರ್ ತುಟಿಯ ಮೇಲೆ ಕಣ್ಣಿರಲಿ. ಅದು ಬಾಗಲು ಶುರುವಾದರೆ ಅರ್ಧ ಸುತ್ತು ಹಿಂದಕ್ಕೆ ಬನ್ನಿ.

6. ನಟ್ ಮಾಮೂಲಿಯದಿದ್ದರೆ ನೈಲಾಕ್ ನಟ್‌ಗೆ ಬದಲಾಯಿಸಿ. ಒಳಗೆ ನೈಲಾನ್ ಉಂಗುರ ಇರುವುದರಿಂದ ನಡುಗಿದರೂ ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. ನಮ್ಮ ಹಂಪ್‌ಗಳ ಮೇಲೆ ಇದು ಬೇಕು.

7. ಅಲ್ಲಾಡಿಸಿ ನೋಡಿ. ಬಾರ್ ಹಿಡಿದು ಹಿಂದೆ ಮುಂದೆ ಜೋರಾಗಿ ಎಳೆಯಿರಿ. ಗಾಡಿ ಪೂರ್ತಿ ಅಲ್ಲಾಡಬೇಕು, ಬಾರ್ ಮಾತ್ರ ಅಲ್ಲಾಡಬಾರದು. ಆಮೇಲೆ ಖಾಲಿ ಬಾರ್‌ನಲ್ಲೇ ಒಂದು ಸುತ್ತು ಹೋಗಿ ಬಂದು ಎಲ್ಲ ನಟ್ ಮತ್ತೆ ನೋಡಿ. ರಬ್ಬರ್ ಕೂತು ಸ್ವಲ್ಪ ಸಡಿಲ ಆಗಿರುತ್ತದೆ. ಸಾಮಾನು ಹೊತ್ತು 50, 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ.

ಗಟರ್ ಇಲ್ಲದ ವ್ಯಾನ್ ಆದರೆ

ಕೆಲವು ಗಾಡಿಗಳಲ್ಲಿ ಕಂಪನಿಯೇ ಚಾವಣಿಯಲ್ಲಿ ಬೋಲ್ಟ್ ಹಾಕುವ ತೂತು ಇಟ್ಟು, ಮೇಲೆ ಪ್ಲಾಸ್ಟಿಕ್ ಮುಚ್ಚಳ ಅಥವಾ ರಬ್ಬರ್ ಪಟ್ಟಿ ಮುಚ್ಚಿರುತ್ತದೆ. ಇಂಥ ಗಾಡಿ ನಿಮ್ಮದಾದರೆ ಅದೃಷ್ಟ. ಆ ಜಾಗಗಳ ಕೆಳಗೆ ತಗಡು ದಪ್ಪ ಇರುತ್ತದೆ. ಆ ಮಾಡೆಲ್‌ಗೇ ಮಾಡಿದ ರೈಲ್ ತಂದು ಅಲ್ಲೇ ಬೋಲ್ಟ್ ಮಾಡಿ.

ಅದೂ ಇಲ್ಲದಿದ್ದರೆ ಡ್ರಿಲ್ ಮಾಡಬೇಕು. ಇದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ. ಮಾಡಲೇಬೇಕಾದರೆ ಒಳಗಿನ ರೂಫ್ ಲೈನಿಂಗ್ ಇಳಿಸಿ, ಮೊದಲು ವೈರಿಂಗ್ ಎಲ್ಲೆಲ್ಲಿ ಹೋಗಿದೆ ನೋಡಿ. ಚಾವಣಿಗೆ ಅಡ್ಡಲಾಗಿ ಒಳಗೆ ತಗಡಿನ ತೊಲೆಗಳು ಇರುತ್ತವೆ. ಅವು ಅಂಚಿಗೆ ಸೇರುವ ಕಡೆ ತೂತು ಬರಬೇಕು. ಬರೀ ಚಾವಣಿ ತಗಡಿಗೆ ಬೋಲ್ಟ್ ಹಾಕಿದರೆ ಅದು ಡಬ್ಬಿ ಮುಚ್ಚಳದ ಹಾಗೆ ಒಳಗೆ ಹೊರಗೆ ಬಡಿಯುತ್ತದೆ. ಒಳಗಿನಿಂದ ಕೈ ಹೋಗುವ ಕಡೆ ದೊಡ್ಡ ಪ್ಲೇಟ್ ವಾಷರ್ ಇಟ್ಟು ನಟ್ ಹಾಕುವುದು ಒಳ್ಳೆಯದು. ಕೈ ಹೋಗದ ಕಡೆ ರಿವೆಟ್ ನಟ್, ಅಂದರೆ ಹೊರಗಿನಿಂದಲೇ ತೂತಿನಲ್ಲಿ ಕೂರಿಸಬಹುದಾದ ನಟ್, ಬಳಸುತ್ತಾರೆ. ಎಂ6 ರಿವೆಟ್ ನಟ್‌ಗೆ 9 ಮಿಲಿಮೀಟರ್ ತೂತು, ಎಂ8ಕ್ಕೆ 11. ಚಿಕ್ಕ ಬಿಟ್‌ನಿಂದ ಶುರು ಮಾಡಿ ಹಂತಹಂತವಾಗಿ ದೊಡ್ಡದು ಮಾಡಿ. ತೂತು ಸಡಿಲ ಆದರೆ ನಟ್ ಒಳಗೇ ತಿರುಗುತ್ತದೆ, ಆಮೇಲೆ ಬಿಚ್ಚಲೂ ಆಗುವುದಿಲ್ಲ, ಬಿಗಿಯಲೂ ಆಗುವುದಿಲ್ಲ.

ತೂತು ಕೊರೆದಾಗ ಬೀಳುವ ಕಬ್ಬಿಣದ ಪುಡಿಯನ್ನು ಒಂದೂ ಬಿಡದೆ ತೆಗೆಯಿರಿ. ಒಂದು ಮಳೆ ಬಂದರೆ ಸಾಕು, ಪೇಂಟ್ ಮೇಲೆ ಕಂದು ಚುಕ್ಕಿ ಏಳುತ್ತದೆ. ಕೈಯಲ್ಲಿ ಒರೆಸಬೇಡಿ, ಪೇಂಟ್ ಗೀರುತ್ತದೆ. ಬಟ್ಟೆಯಲ್ಲಿ ಸುತ್ತಿದ ಮ್ಯಾಗ್ನೆಟ್ ಅಥವಾ ವ್ಯಾಕ್ಯೂಮ್ ಬಳಸಿ. ತೂತಿನ ಅಂಚಿಗೆ ಸತುವಿನ ಪ್ರೈಮರ್ ಹಚ್ಚಿ ಒಣಗಲು ಬಿಡಿ.

ಸೀಲೆಂಟ್ ವಿಷಯದಲ್ಲಿ ಒಂದು ಕಿವಿಮಾತು. ಬಾತ್‌ರೂಮಿಗೆ ಬಳಸಿ ಉಳಿದ ಸಿಲಿಕೋನ್ ಇದೆಯಲ್ಲ ಅಂತ ಅದನ್ನೇ ಹಾಕಬೇಡಿ. ಹಚ್ಚಿದಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬರಿ ತಗಡಿಗೆ ಅದೇ ತುಕ್ಕು ತರಿಸುತ್ತದೆ. ಗಾಡಿಗಳ ಗಾಜು ಕೂರಿಸುವವರು ಬಳಸುವ ಪಿಯು (ಪಾಲಿಯುರೆಥೇನ್) ಸೀಲೆಂಟ್ ತನ್ನಿ. ತೂತಿನ ಸುತ್ತ, ಬೋಲ್ಟ್ ಎಳೆಗೆ, ರೈಲ್ ಪಾದದ ಕೆಳಗೆ ಮೂರೂ ಕಡೆ ಹಚ್ಚಿ. ಬಿಗಿ ಮಾಡಿದಾಗ ಸುತ್ತಲೂ ಸ್ವಲ್ಪ ಹೊರಗೆ ಬಂದರೆ ಸರಿಯಾಗಿದೆ. ಒಂದು ದಿನ ಬಿಟ್ಟು, ಲೈನಿಂಗ್ ಹಾಕುವ ಮುಂಚೆ, ಪೈಪ್‌ನಲ್ಲಿ ನೀರು ಬಿಟ್ಟು ಒಳಗೆ ಟಾರ್ಚ್ ಹಾಕಿ ನೋಡಿ.

ಸಾಮಾನು ಕಟ್ಟುವಾಗ

ಓಮ್ನಿಯ ಉದ್ದ 3.37 ಮೀಟರ್, ಅಂದರೆ 11 ಅಡಿ. ಹತ್ತು ಅಡಿಯ ಪೈಪು ಆರಾಮಾಗಿ ಕೂರುತ್ತದೆ. 20 ಅಡಿಯ ಜಿಐ ಪೈಪು ಕೂರುವುದಿಲ್ಲ, ಕೂರಿಸಲೂ ಹೋಗಬೇಡಿ. ಅಂಗಡಿಯಲ್ಲೇ ಕತ್ತರಿಸಿಕೊಳ್ಳಿ, ಇಲ್ಲವೇ ಗೂಡ್ಸ್ ಆಟೋ ಕರೆಯಿರಿ. ಸಾಮಾನು ಗಾಡಿಯ ಹೊರಗೆ ಮಿತಿ ಮೀರಿ ಚಾಚಿದರೆ ಮೋಟಾರು ವಾಹನ ಕಾಯ್ದೆಯ 194(1ಎ) ಕಲಂನಲ್ಲಿ 20,000 ರೂಪಾಯಿ ದಂಡ ಇದೆ. ಗೂಡ್ಸ್ ಆಟೋ ಬಾಡಿಗೆ ಅದರ ಮುಂದೆ ಏನೂ ಅಲ್ಲ.

ಎರಡು ಬಾರ್‌ಗೂ ಕಟ್ಟುವುದು ಎಲ್ಲರಿಗೂ ಗೊತ್ತು. ಮರೆಯುವುದು ಮುಂದಿನ ಕಟ್ಟು. ಗಾಳಿಯ ಬಲ ವೇಗದ ವರ್ಗದಷ್ಟು ಏರುತ್ತದೆ. 40ರ ವೇಗದಲ್ಲಿ ಇದ್ದ ಒತ್ತಡ 80ರಲ್ಲಿ ನಾಲ್ಕು ಪಟ್ಟು. ಪ್ಲೈವುಡ್ ಹಾಳೆ ಇಟ್ಟಿದ್ದರೆ ಗಾಳಿ ಅದರ ಮೂಗಿನ ಕೆಳಗೆ ಹೊಕ್ಕು ಮೇಲಕ್ಕೆ ಎತ್ತುತ್ತದೆ. ಎಂಟು ಅಡಿಗೆ ನಾಲ್ಕು ಅಡಿಯ 19 ಎಂಎಂ ಹಾಳೆ ಒಂದೇ 35 ಕೆಜಿ ಆಸುಪಾಸು ಇರುತ್ತದೆ. ಹಾಗಾಗಿ ಬರೀ ಎರಡು ಬಾರ್ ಇದ್ದರೂ ಒಂದಕ್ಕಿಂತ ಜಾಸ್ತಿ ಬೇಡ, ಕಬ್ಬಿಣದ ಪೂರ್ತಿ ಕ್ಯಾರಿಯರ್ ಇದ್ದರೆ ಅದೂ ಬೇಡ. ಉದ್ದ ಸಾಮಾನಿನ ಮುಂದಿನ ತುದಿಯಿಂದ ಬಂಪರ್ ಕೆಳಗಿನ ಗಟ್ಟಿ ಕೊಕ್ಕೆಗೆ, ಹಿಂದಿನ ತುದಿಯಿಂದ ಹಿಂದಕ್ಕೆ ಒಂದೊಂದು ಹಗ್ಗ ಎಳೆದು ಕಟ್ಟಿ. ಬ್ರೇಕ್ ಹಾಕಿದಾಗಲೂ ಇದೇ ಕಾಪಾಡುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ 50 ಕೆಜಿ ಸಾಮಾನು 35 ಕೆಜಿಯಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು.

ರಾಚೆಟ್ ಬೆಲ್ಟ್ ಬಳಸುವವರು ಬೆಲ್ಟನ್ನು ಒಂದು ಸುತ್ತು ತಿರುಚಿ ಹಾಕಿ. ಗಾಳಿಗೆ ಅದು ಗುಂಯ್ ಅನ್ನುವುದು ನಿಲ್ಲುತ್ತದೆ. ಎಲಾಸ್ಟಿಕ್ ಕೊಕ್ಕೆ ಹಗ್ಗ ಟಾರ್ಪಾಲು ಹಿಡಿಯಲು ಮಾತ್ರ, ತೂಕ ಹಿಡಿಯಲು ಅಲ್ಲ. ಕೊನೆಗೆ ಸಾಮಾನು ಸೇರಿಸಿ ಎತ್ತರ ಅಳೆದು, ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ಗೆ ಇಳಿಯುವಾಗ ನೆನಪಾಗುವುದು ಆ ಚೀಟಿಯಿಂದಲೇ. ಮಲೆನಾಡಿನ ಒಳರಸ್ತೆಗಳಲ್ಲಿ ಬಾಗಿದ ಕೊಂಬೆಗಳಿಗೂ ಅದೇ ಲೆಕ್ಕ.

ಆರ್‌ಟಿಒ ಮಾತು

ಗಾಡಿಯನ್ನು ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸಬಾರದು ಅಂತ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಡ್ರಿಲ್ ಮಾಡಿ ಕೂರಿಸುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಹಳದಿ ಬೋರ್ಡಿನ ಗಾಡಿಯಾದರೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋಗುವ ಮುಂಚೆ ಕೇಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ. ಬೋಲ್ಟ್ ಬಿಚ್ಚಿ ತೆಗೆದರೆ ಗಾಡಿ ಮೊದಲಿನಂತೆ ಆಗುವ ಗಟರ್ ಕ್ಯಾರಿಯರ್‌ನ ಅನುಕೂಲ ಇಲ್ಲಿಯೂ ಕಾಣುತ್ತದೆ.

ಹಾಕಿದ ಮೇಲೆ

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಪೂರ್ತಿ ಬಿಚ್ಚಿ. ರಬ್ಬರ್ ಕೆಳಗೆ ನೀರು ನಿಂತು ಪೇಂಟ್ ಕೆಟ್ಟಿರುತ್ತದೆ, ಅಲ್ಲಿ ಸ್ವಲ್ಪ ಟಚ್ ಅಪ್ ಮಾಡಿ, ರಬ್ಬರ್ ಬದಲಾಯಿಸಿ. ಗಟರ್ ಸೀಲೆಂಟ್ ಬಿರುಕು ಬಿಟ್ಟಿದ್ದರೆ ಆಗಲೇ ಹೊಸದು ಎಳೆಯಿರಿ. ಬೋಲ್ಟ್ ಎಳೆಗಳಿಗೆ ಒಂದು ಹನಿ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಮುಂದಿನ ಸಲ ಗ್ರೈಂಡರ್ ತರಬೇಕಾಗುತ್ತದೆ. ಹೊರ ಊರಿನಲ್ಲಿ ರಾತ್ರಿ ನಿಲ್ಲಿಸುವವರು ಒಂದೊಂದು ಕಾಲಿಗಾದರೂ ಲಾಕ್ ಇರುವ ಬೋಲ್ಟ್ ಹಾಕಿ. ಕೆಲಸ ಇಲ್ಲದ ತಿಂಗಳುಗಳಲ್ಲಿ ಬಾರ್ ಬಿಚ್ಚಿ ಮನೆಯಲ್ಲಿಡಿ. ಪೆಟ್ರೋಲ್ ಸ್ವಲ್ಪ ಉಳಿಯುತ್ತದೆ, ಹೈವೇಯಲ್ಲಿ ಗುಂಯ್‌ಗುಡುವುದೂ ಇರುವುದಿಲ್ಲ. ಮತ್ತೆ ಹಾಕುವಾಗ ಸುಲಭವಾಗಲಿ ಅಂತ ಗಟರ್ ಒಳಗೆ, ಪಾದ ಕೂರುವ ಜಾಗದ ಎರಡೂ ಬದಿಗೆ, ಪೇಂಟ್‌ನಲ್ಲಿ ಒಂದೊಂದು ಸಣ್ಣ ಚುಕ್ಕಿ ಇಟ್ಟುಕೊಳ್ಳಿ.